ಅಪಸ್ವರ ಅಂಟುತ್ತದೆಯೇ?

ಅರಕಲಗೂಡು

ಚಿ. ಪುಟ್ಟನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಊರ ಸುದ್ದಿಯನ್ನೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ನಿನ್ನ ಕಾಗದದಲ್ಲಿ ಮೂಡಿಗೆರೆಯ ಮಳೆ, ಜಿಗಣೆ, ಬಸ್ಸಿನ ಪಾಡು ಎಲ್ಲ ಓದಿದೆ, ಓದಿ ಮರೆತೆ. ಕೊನೇ ಪುಟದ ಅಂಚಿನಲ್ಲಿ ಅಡ್ಡಕ್ಕೆ ಗೀಚಿದ್ದೀಯಲ್ಲ, ‘ಅತ್ತೆ, ನನ್ನ ಅಪಸ್ವರ ಮಕ್ಕಳಿಗೂ ಅಂಟಿಕೊಂಡರೆ ಏನು ಗತಿ?’ ಅಂತ, ಅದು ಮಾತ್ರ ಎರಡು ರಾತ್ರಿ ನಿದ್ದೆ ಕೆಡಿಸಿತು. ಜೂನಿನಿಂದ ಒಂದು ಹಾಡನ್ನೂ ಬಾಯಿಬಿಟ್ಟು ಹೇಳಿಕೊಟ್ಟಿಲ್ಲ, ಮೊಬೈಲ್ ಹಾಕಿ ಕಿಟಕಿ ಪಕ್ಕ ನಿಂತುಬಿಡುತ್ತೇನೆ ಅಂದಿದ್ದೀಯ. ಒಂದರಿಂದ ಐದರವರೆಗಿನ ಮಕ್ಕಳ ಮುಂದೆ ಮೇಷ್ಟ್ರು ಬಾಯಿ ಮುಚ್ಚಿಕೊಂಡು ನಿಲ್ಲುವುದು ನನಗೇಕೋ ಸರಿಕಾಣಲಿಲ್ಲ.

ಅಂಟುತ್ತದೆಯೇ ಅಂದರೆ, ಸುಳ್ಳು ಸಮಾಧಾನ ಹೇಳಲಾರೆ. ಮಟ್ಟು ಅಂಟುತ್ತದೆ. ಮೊದಲ ಸಲ ಕಿವಿಗೆ ಬಿದ್ದ ಮಟ್ಟಿನಲ್ಲಿ ತಪ್ಪಿದ್ದರೆ ಮಗು ಆ ತಪ್ಪನ್ನೇ ಚಾಚೂ ತಪ್ಪದೆ ಕಲಿಯುತ್ತದೆ, ಆಮೇಲೆ ಅದನ್ನು ಬಿಡಿಸಲು ಕಲಿಸಿದ್ದರ ಮೂರರಷ್ಟು ದಿನ ಬೇಕು. ದನಿ ಅಂಟುವುದಿಲ್ಲ. ನಿನ್ನ ಗಂಟಲಿನ ಒರಟು, ನಡುಕ, ಮೇಲಿನ ಸ್ವರದಲ್ಲಿ ಒಡೆಯುವುದು, ಇವನ್ನು ಮಗು ಬಿಟ್ಟು ಮಟ್ಟನ್ನು ಮಾತ್ರ ಎತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲ ಎರಡು ಸಲ ಹಾಡು ಮೊಬೈಲಿನಿಂದಲೋ ಚೆನ್ನಾಗಿ ಹೇಳುವ ಹುಡುಗಿಯೊಬ್ಬಳ ಬಾಯಿಂದಲೋ ಬರಲಿ. ಆಮೇಲಿನದು ನಿನ್ನ ಬಾಯಿಂದಲೇ ಬರಬೇಕು, ಯಾಕೆಂದರೆ ಮೊಬೈಲು ನಿಂತು ಕಾಯುವುದಿಲ್ಲ, ಮಗು ಎಡವಿದ ಸಾಲನ್ನು ನಿಧಾನ ಮಾಡಿ ಮತ್ತೆ ಹೇಳುವುದಿಲ್ಲ. ಹಿಂದಿನ ರಾತ್ರಿ ಒಂದೊಂದೇ ಸಾಲು ನೀನೇ ಹೇಳಿ ರೆಕಾರ್ಡ್ ಮಾಡಿ, ಮೂಲದ ಪಕ್ಕ ಇಟ್ಟು ಕೇಳು. ಸಾಲಿನ ಕೊನೆಯ ಸ್ವರ ಕೆಳಗೆ ಜಾರಿರುತ್ತದೆ, ಹೆಚ್ಚಿನವರು ತಪ್ಪುವುದು ಅಲ್ಲೇ. ಅಷ್ಟನ್ನು ತಿದ್ದಿಕೊಂಡರೆ ಮಿಕ್ಕದ್ದು ನಡೆಯುತ್ತದೆ.

ರುದ್ರಪಟ್ಟಣದ ತಾಲ್ಲೂಕಿನಲ್ಲಿ ಹುಟ್ಟಿಯೂ ಸರಿಗಮ ಬಾರದು ಅಂತ ಬೇರೆ ಬರೆದಿದ್ದೀಯ. ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು ಅದು, ತಂಬೂರಿಯ ಆಕಾರದಲ್ಲಿ ಸಪ್ತಸ್ವರ ಮಂದಿರ ಕಟ್ಟಿಕೊಂಡ ಊರು, ಹೌದು. ಕಾವೇರಿ ದಡದಲ್ಲಿ ಇದ್ದವರೆಲ್ಲ ಈಜು ಕಲಿತಿರುತ್ತಾರೆಯೇ? ನಿನ್ನ ಶಾಲೆಗೆ ವಿದ್ವಾಂಸ ಬೇಕಿಲ್ಲ. ನಾನಂತೂ ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟಿದ್ದೆ, ಸರಳೆ, ಜಂಟಿ, ಅಲಂಕಾರ ಎಲ್ಲ ಬರುತ್ತಿತ್ತು. ಹಾಗಿದ್ದೂ ಮಾಡಿದ ತಪ್ಪನ್ನು ಬರೆಯುತ್ತೇನೆ, ಕೇಳು.

ನನ್ನ ಶ್ರುತಿ ಬಿಳಿ ಐದು, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯೇ ನನ್ನ ಷಡ್ಜ, ನನ್ನ ‘ಸ’. ಹೆಂಗಸರಿಗೆ ಅದು ಸಲೀಸು, ಆದರೆ ಆ ಷಡ್ಜ ಇರುವುದು ಹಾರ್ಮೋನಿಯಂನ ಕೆಳ ಸ್ಥಾಯಿಯಲ್ಲಿ, ಕೆಳಗಿನ ಏಳು ಸ್ವರಗಳ ಸುತ್ತಿನಲ್ಲಿ. ಆರೇಳು ವರ್ಷದ ಮಗುವಿನ ಗಂಟಲು ಸುಖವಾಗಿ ಆಡುವುದು ನಡು ಸ್ಥಾಯಿಯ ಬಿಳಿ ಎರಡರಿಂದ ಬಿಳಿ ಆರರವರೆಗೆ, ಬರೀ ಐದು ಮನೆ. ಒಂಬತ್ತು ಹತ್ತು ವರ್ಷಕ್ಕೆ ಕೆಳಗೆ ಬಿಳಿ ಒಂದು, ಮೇಲೆ ತಾರಸ್ಥಾಯಿಯ ಒಂದು ಎರಡರವರೆಗೆ ಹಿಗ್ಗುತ್ತದೆ. ನಾನು ನನ್ನ ಷಡ್ಜದಲ್ಲಿ ಎತ್ತಿಕೊಂಡರೆ ಸರಿಗ ಮೂರೂ ಮಗುವಿನ ಗಂಟಲಿನ ನೆಲಕ್ಕಿಂತ ಕೆಳಗೆ ಬೀಳುತ್ತವೆ. ಮಕ್ಕಳು ಗೊರಗೊರ ಅನ್ನುತ್ತಿದ್ದವು. ನಾನು ಅದನ್ನು ಅಪಸ್ವರ ಅಂದೆ. ಬಹುಮಾನದ ಆಸೆಗೆ, ಪ್ರತಿಭಾ ಕಾರಂಜಿಯ ಗುಂಪು ಹಾಡಿಗೆ ನಿಲ್ಲಿಸುವಾಗ ಅಂಥವರನ್ನು ಹಿಂದಿನ ಸಾಲಿಗೆ ಹಾಕಿ ‘ನೀನು ಬರೀ ತುಟಿ ಆಡಿಸು’ ಅಂತ ಹೇಳಿದೆ. ಎಷ್ಟು ವರ್ಷ, ಎಷ್ಟು ಮಕ್ಕಳಿಗೆ, ಲೆಕ್ಕವಿಲ್ಲ. ಆ ಮಾತು ಶಾಲೆಯಲ್ಲಿ ಮಾತ್ರ ನಿಲ್ಲಲಿಲ್ಲ, ನಮ್ಮ ಜಗಲಿಗೂ ಬಂತು. ಯಾರ ಕಿವಿಗೆ ಬಿತ್ತು ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಸಾಲು ಓದಿದ ಮೇಲೆ ಅದೇ ಮುಳ್ಳಾಗಿ ಆಡುತ್ತಿದೆ.

ಶ್ರುತಿಯ ವಿಷಯದಲ್ಲಿ ನೀನು ಗಂಡಾಗಿರುವುದು ನನಗಿಂತ ಅನುಕೂಲವೇ. ನೀನು ಕೆಳಗೆ ಬಿಳಿ ಎರಡರಲ್ಲಿ ಹೇಳಿದರೆ ಮಕ್ಕಳು ತಾವಾಗಿಯೇ ಒಂದು ಸ್ಥಾಯಿ ಮೇಲೆ ಅದೇ ಬಿಳಿ ಎರಡನ್ನು ಹಿಡಿಯುತ್ತವೆ. ಒಂದಿಬ್ಬರು ಮಾತ್ರ ನಿನ್ನ ದಪ್ಪ ದನಿಯನ್ನೇ ಅನುಕರಿಸಲು ಹೋಗಿ ಗಂಟಲು ಒತ್ತುತ್ತಾರೆ. ಆಗ ನೀನು ದನಿ ತೆಳು ಮಾಡಿ ಮೇಲೆ ಹೇಳು, ಇಲ್ಲವೇ ಇನ್ನೊಂದು ಮಗುವಿನಿಂದ ಆ ಸಾಲು ಹೇಳಿಸು. ತಂಬೂರಿ ಆಪ್‌ನಲ್ಲಿ ಬಿಳಿ ಎರಡು ‘ಡಿ’ ಅಂತ ಇರುತ್ತದೆ. ಮೊಬೈಲನ್ನು ಖಾಲಿ ಸ್ಟೀಲ್ ಚೊಂಬಿನೊಳಗೆ ನಿಲ್ಲಿಸಿದರೆ ಒಂದು ಕೋಣೆಗೆ ಸಾಕಾಗುವಷ್ಟು ನಾದ ಬರುತ್ತದೆ. ಹಾಡು ಷಡ್ಜಕ್ಕಿಂತ ಕೆಳಗೆ, ಮಂದ್ರ ಪಂಚಮದವರೆಗೆ, ಅಂದರೆ ಕೆಳ ಸ್ಥಾಯಿಯ ‘ಪ’ವರೆಗೆ ಇಳಿಯುವುದಾದರೆ ಷಡ್ಜವನ್ನು ಬಿಳಿ ನಾಲ್ಕಕ್ಕೆ ಏರಿಸಬೇಕು. ಇದೆಲ್ಲ ಲೆಕ್ಕ ಬೇಡ ಅನ್ನಿಸಿದರೆ ಇನ್ನೊಂದು ದಾರಿ ಇದೆ. ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಒಂದು ಮಗುವಿನಿಂದ ಹೇಳಿಸಿ ನೋಡು. ಕತ್ತು ಚಾಚದೆ, ಹುಬ್ಬು ಏರಿಸದೆ ಬಂದರೆ ಅಲ್ಲಿಂದ ಇಳಿದು ಮೊದಲ ಸಾಲಿನ ಸ್ವರ ಹಿಡಿದು ಕೊಡು. ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ ನಡುವೆ ಕುಸಿಯುವುದು ಇದನ್ನು ನೋಡದೆ ಎತ್ತಿಕೊಳ್ಳುವುದರಿಂದ. ಗಟ್ಟಿ ಗಂಟಲಿನ ಹುಡುಗನೊಬ್ಬ ತನಗೆ ತೋಚಿದ ಎತ್ತರದಲ್ಲಿ ಶುರು ಮಾಡುತ್ತಾನೆ, ರಾಷ್ಟ್ರಗೀತೆಯ 52 ಸೆಕೆಂಡು ಹೇಗೋ ದಾಟುತ್ತದೆ, ನಾಡಗೀತೆಗೆ 2 ನಿಮಿಷ 30 ಸೆಕೆಂಡು ಅಂತ 2022ರಲ್ಲಿ ಸರ್ಕಾರ ಗೊತ್ತುಮಾಡಿದೆ, ಅಷ್ಟು ಹೊತ್ತು ಆ ಎತ್ತರದಲ್ಲಿ ಯಾರು ನಿಲ್ಲುತ್ತಾರೆ? ಕುವೆಂಪು ಹುಟ್ಟಿದ ಹಿರೇಕೊಡಿಗೆ ನಿಮ್ಮ ಜಿಲ್ಲೆಯದೇ, ಕೊಪ್ಪದ ಕಡೆ. ಅಷ್ಟಾದರೂ ಮರ್ಯಾದೆಗೆ ನುಡಿ ನುಡಿಗೂ ನಡುವೆ ಒಮ್ಮೆ ಶ್ರುತಿ ಕೇಳಿಸು. ಶ್ರುತಿಯಿಲ್ಲದೆ ಹೇಳುವ ಗುಂಪು ಪ್ರತಿ ನುಡಿಗೂ ಒಂದಿಷ್ಟು ಕೆಳಗಿಳಿಯುತ್ತದೆ, ದೊಡ್ಡವರ ಭಜನೆಯಲ್ಲೂ ಹಾಗೆಯೇ.

ಮತ್ತೆ ಅಲ್ಲಿಗೇ ಬರುತ್ತಿದ್ದೇನೆ, ಕ್ಷಮಿಸು. ಅಪಸ್ವರ ಅಂಟುತ್ತದೆ ಅಂತ ನೀನು ಹೆದರಿದ್ದೀಯಲ್ಲ, ನಿನ್ನ ತರಗತಿಯಲ್ಲಿ ಆಗಲೇ ಒಂದೇ ಸ್ವರದಲ್ಲಿ ಗುಂಯ್ಯೆನ್ನುವ ಎರಡು ಮೂರು ಮಕ್ಕಳಿರುತ್ತಾರೆ. ಅವರಿಗೆ ಯಾರಿಂದಲೂ ಅಂಟಿದ್ದಲ್ಲ. ಮಾತಿನ ದನಿಯಿಂದ ಹಾಡಿನ ದನಿಗೆ ಹತ್ತುವ ಮೆಟ್ಟಿಲು ಅವರಿಗೆ ಇನ್ನೂ ಸಿಕ್ಕಿಲ್ಲ, ಅಷ್ಟೇ. ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನ ಹಾಗೆ ಊ ಅಂತ ಕೆಳಗಿಂದ ಮೇಲಕ್ಕೆ ಎಳೆಯಲಿ, ಕೋಗಿಲೆ ಕೂಗಲಿ. ಹಾಜರಿಯನ್ನು ಹಾಡಿನಲ್ಲಿ ಕರೆ. ದೂರದ ಗದ್ದೆಯಲ್ಲಿ ಇದ್ದವರನ್ನು ಕೂಗುವಾಗ ದನಿ ಮೇಲಿಂದ ಒಂದು ಮೆಟ್ಟಿಲು ಕೆಳಗೆ ಬೀಳುತ್ತದೆಯಲ್ಲ, ಸ್ವರದಲ್ಲಿ ಹೇಳುವುದಾದರೆ ಪ–ಗ. ಆ ಎರಡರಲ್ಲೇ ಹೆಸರು ಕರೆ, ಮಗು ಅದರಲ್ಲೇ ‘ಬಂದೆ’ ಅನ್ನಲಿ. ತಪ್ಪಿದರೆ ಮಗುವಿನ ಸ್ವರಕ್ಕೆ ಮೊದಲು ನೀನು ಹೋಗಿ ಸೇರು. ಎರಡೂ ದನಿ ಒಂದಾದದ್ದು ಅದರ ಕಿವಿಗೆ ಗೊತ್ತಾಗಲಿ, ಆಮೇಲೆ ಒಂದೇ ಮೆಟ್ಟಿಲು ಮೇಲೆ ಕರೆದುಕೊಂಡು ಹೋಗು. ಇಪ್ಪತ್ತು ಮಕ್ಕಳಿಗೆ ಮೂರು ನಿಮಿಷದ ಕೆಲಸ. ಇದನ್ನು ನಾನು ತಿಳಿದದ್ದು ನಿವೃತ್ತಿಗೆ ನಾಲ್ಕು ವರ್ಷ ಇದ್ದಾಗ.

ಹಾಡು ಹೇಳಿಕೊಡುವುದಕ್ಕೆ ದಿನಕ್ಕೆ ಹದಿನೈದು ನಿಮಿಷ ಸಾಕು. ಪಲ್ಲವಿ, ಒಂದು ನುಡಿ, ಅದಕ್ಕಿಂತ ಹೆಚ್ಚು ಬೇಡ. ಒಂದು ಸಾಲು ನೀನು, ಅದೇ ಸಾಲು ಅವರು, ಹೀಗೆ ಮೂರು ಸಲ. ಅವರು ಹೇಳುವಾಗ ನೀನು ಬಾಯಿ ಮುಚ್ಚಿ ಕೇಳಬೇಕು, ಜೊತೆಗೆ ನೀನೂ ಹೇಳಿದರೆ ಯಾರು ಎಲ್ಲಿ ತಪ್ಪಿದರು ಅನ್ನುವುದು ಕಿವಿಗೆ ಬೀಳುವುದೇ ಇಲ್ಲ. ಎರಡು ಸಾಲು ಬಂದ ಮೇಲೆ ಒಂದನೆಯದರ ಬಾಲಕ್ಕೆ ಎರಡನೆಯದರ ತಲೆ ಸೇರಿಸಿ ಅಷ್ಟನ್ನೇ ಹೇಳಿಸು, ಹಾಡು ಹರಿಯುವುದು ಆ ಗಂಟಿನಲ್ಲಿ. ಶುರು ಮಾಡುವ ಮೊದಲು ಹಾಡಿನ ಓಟದಲ್ಲೇ ‘ಒಂದು, ಎರಡು, ಹೇಳಿ’ ಅನ್ನು. ‘ಜೋರಾಗಿ’ ಅಂತ ಮಾತ್ರ ಅನ್ನಬೇಡ, ಅಂದರೆ ಕಿರುಚುತ್ತಾರೆ, ಕಿರುಚಿದರೆ ಸ್ವರ ಮೇಲೆ ಹಾರಿ ಮಧ್ಯಾಹ್ನಕ್ಕೆ ಗಂಟಲು ಕಟ್ಟುತ್ತದೆ. ‘ಬಾಯಿ ತೆರೆದು’ ಅನ್ನು. ಚಪ್ಪಾಳೆ ಎರಡು ಬೆರಳಿನಿಂದ ಅಂಗೈಗೆ ತಟ್ಟಿಸು, ಪೂರ್ತಿ ಕೈ ತಟ್ಟಿದರೆ ಹಾಡು ಮುಳುಗುತ್ತದೆ, ಓಟವೂ ಏರುತ್ತದೆ.

ನಾಲ್ಕು ಐದನೆಯವರಿಗೆ ಪದ್ಯ ಹೇಳಿಸುವಾಗ ಒಂದು ಎಚ್ಚರ. ಎಲ್ಲವನ್ನೂ ನಾಲ್ಕರ ಎಣಿಕೆಗೆ ಎಳೆಯುವ ಚಾಳಿ ನಮ್ಮಲ್ಲಿದೆ. ಓದಿ, ಬೆರಳಿನಲ್ಲಿ ಮಾತ್ರೆ ಎಣಿಸು. ಭಾಮಿನಿ ಷಟ್ಪದಿಯಾದರೆ ಮೂರು–ನಾಲ್ಕು, ಮೂರು–ನಾಲ್ಕು ಅಂತ ನಡೆಯುತ್ತದೆ. ವಾರ್ಧಕ ಷಟ್ಪದಿಯಾದರೆ ಐದೈದು, ಎರಡು–ಮೂರಾಗಿ ತಟ್ಟಬಹುದು. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ಇಡೀ ಜೈಮಿನಿ ಭಾರತವನ್ನು ಆ ಐದರ ನಡೆಯಲ್ಲೇ ಬರೆದ. ಎಣಿಕೆ ಸರಿಯಾಗಿ ಹಿಡಿದರೆ ರಾಗ ಬಾರದವನೂ ಪದ್ಯ ಚೆನ್ನಾಗಿ ಹೇಳಬಲ್ಲ. ನಿನಗೆ ಇದು ಹೇಳಿಮಾಡಿಸಿದ ಹಾಗಿದೆ, ಲೆಕ್ಕದವನು ನೀನು.

ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಹಾಡಿಸಬೇಡ. ಅದರ ಮೇಲೆ ದನಿ ಏರಿಸಲು ಹೋದರೆ ಒಂದೇ ವಾರದಲ್ಲಿ ಗಂಟಲುಗಳೆಲ್ಲ ಹೋಗುತ್ತವೆ. ಆ ದಿನ ತಾಳ ಮಾತ್ರ, ತೊಡೆಯ ಮೇಲೆ. ತೋಟದ ಕೆಲಸದವರ ಲೈನುಮನೆಗಳ ಮಕ್ಕಳಿಗೆ ಮನೆಯಲ್ಲಿ ತಮಿಳೋ ತುಳುವೋ ಇದ್ದರೆ ಅವರ ಅಜ್ಜಿಯ ಹಾಡೊಂದನ್ನು ಅವರಿಂದಲೇ ಕಲಿ, ಆ ದಿನ ತಪ್ಪುವವನು ಮೇಷ್ಟ್ರು ಆಗಿರಲಿ. ಮಕ್ಕಳು ಹಾಡು ಅನ್ನುವುದನ್ನು ಆಡು ಅನ್ನುತ್ತವೆ ಅಂತ ಬೇಸರ ಮಾಡಿಕೊಳ್ಳಬೇಡ, ಸಾಲಿನಲ್ಲಿ ಹಕಾರ ಬಂದ ಕಡೆ ಅಂಗೈ ಮೇಲೆ ಉಸಿರು ತಾಗಿಸಿ ತೋರಿಸು, ಸಾಕು.

ಉಪದೇಶ ಜಾಸ್ತಿಯಾಯಿತೇನೋ. ನಿನಗೆ ಅರ್ಧ ಗೊತ್ತಿರುವುದೇ. ನಿನ್ನ ಅಪಸ್ವರ ಅಂಟುವ ವಿಷಯ ಬರೆದೆನೋ, ನಾನು ಅಂಟಿಸಿದ್ದನ್ನು ಬರೆದೆನೋ, ನನಗೇ ತಿಳಿಯದು.

ಅಟ್ಟದ ಮೇಲಿದ್ದ ಶ್ರುತಿ ಪೆಟ್ಟಿಗೆಯನ್ನು ಇಳಿಸಿ ಒರೆಸಿದ್ದೇನೆ. ಭಾನುವಾರ ನಿನ್ನ ತಮ್ಮ ಹಾಸನದಿಂದ ಆ ಕಡೆ ಬರುವಾಗ ಅವನ ಕೈಯಲ್ಲಿ ಕೊಟ್ಟುಕಳಿಸುತ್ತೇನೆ. ತಿದಿಯ ಬಲ ಮೂಲೆ ಹರಿದು ಗಾಳಿ ಹೋಗುತ್ತಿತ್ತು, ತೆಳು ತೊಗಲಿನ ತುಂಡು ಅಂಟಿಸಿದ್ದೇನೆ. ನಿಮ್ಮ ತೇವಕ್ಕೆ ಅದು ಬಿಟ್ಟುಕೊಂಡರೆ ಬಿಸಿಲಿಗಿಡಬೇಡ, ತೊಗಲು ಸೆಟೆಯುತ್ತದೆ, ಒಲೆ ಇರುವ ಕೋಣೆಯಲ್ಲಿ ದೂರದಲ್ಲಿಟ್ಟು ಆರಿಸು. ಬಿಳಿ ಎರಡರ ಪೀಪಿ ಮೊದಲು ಒಂದು ಕ್ಷಣ ಕೀರುತ್ತದೆ, ನಿಧಾನವಾಗಿ ಗಾಳಿ ಕೊಟ್ಟರೆ ಸರಿಹೋಗುತ್ತದೆ. ಹಾಜರಿ ಹಾಡಿಸಿದ ದಿನ ಎರಡು ಸಾಲು ಬರೆ, ಹಿಂದಿನ ಸಾಲಿನ ಮಗು ಯಾವ ಸ್ವರದಲ್ಲಿ ‘ಬಂದೆ’ ಅಂದಿತು ಅಂತ.

ನಿನ್ನ
ಅತ್ತೆ