ಗಗನಯಾತ್ರಿಗಳ ವಿಕಿರಣ: ಒಂದೇ ಸಂಖ್ಯೆ ಸಾಲದು

ಮಾನ್ಯ ಸಂಪಾದಕರೇ,

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ತಿಂಗಳು ಕಳೆದವರಿಗೆ ಸುಮಾರು 80ರಿಂದ 160 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಾನ) ವಿಕಿರಣ ತಗಲುತ್ತದೆ ಎಂದು ಓದಿದಾಗ, ಭೂಮಿಯ ಮೇಲೆ ನಿಸರ್ಗದಿಂದ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಮಾತ್ರ ಸಿಗುತ್ತದೆಂದು ಬಲ್ಲವರಿಗೆ ಆತಂಕವಾಗುವುದು ಸಹಜ. ಆದರೆ ಆ ಸಂಖ್ಯೆ ಅಳತೆಗೆ ಸಿಕ್ಕಿದ್ದು ಹೇಗೆ ಎಂಬ ವಿವರ ಸುದ್ದಿಗಳಲ್ಲಿ ಅಪರೂಪ.

ಗಗನಯಾತ್ರಿ ಧರಿಸುವ ಪುಟ್ಟ ಡೋಸಿಮೀಟರ್ (ವಿಕಿರಣ ಮಾಪಕ) ದಾಖಲಿಸುವುದು ದೇಹದ ಹೊರಮೈಗೆ ತಗಲಿದ್ದನ್ನೇ ಹೊರತು ಒಳಗಿನ ಅಂಗಗಳಿಗೆ ತಲುಪಿದ್ದನ್ನಲ್ಲ. ಈ ವ್ಯತ್ಯಾಸವನ್ನು ಅರಿಯಲೆಂದೇ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯು, ಮನುಷ್ಯನ ಮುಂಡವನ್ನು ಹೋಲುವ ಮತ್ತು ಒಳಗೆಲ್ಲ ಸಾವಿರಾರು ಸಂವೇದಕಗಳನ್ನು ಹುದುಗಿಸಿದ್ದ ‘ಮಾತ್ರ್ಯೋಷ್ಕಾ’ ಎಂಬ ಬೊಂಬೆಯನ್ನು 2004ರಲ್ಲಿ ನಿಲ್ದಾಣದ ಹೊರಭಾಗದಲ್ಲಿ ಅಳವಡಿಸಿತ್ತು. ನಿಲ್ದಾಣದ ಹೊರಗಿರುವಾಗ ಮೈಮೇಲಿನ ಮಾಪಕವು ದೇಹಕ್ಕೆ ನಿಜವಾಗಿ ತಲುಪುವ ಪ್ರಮಾಣವನ್ನು ಬಹಳ ಹೆಚ್ಚಿಸಿ ತೋರಿಸುತ್ತದೆ, ಒಳಗಿರುವಾಗ ಅಂತರ ಅಲ್ಪ ಎಂಬುದು ಆ ಬೊಂಬೆಯಿಂದ ತಿಳಿಯಿತು.

ಮಾಪಕಗಳಿಗೂ ಮಿತಿಯುಂಟು. ಅವುಗಳಲ್ಲಿ ಬಳಸುವ, ಬಿಸಿ ಮಾಡಿದಾಗ ಬೆಳಗುವ ಹರಳುಗಳು ಭಾರವಾದ ಅಯಾನುಗಳನ್ನು (ವಿದ್ಯುದಾವೇಶವುಳ್ಳ ಪರಮಾಣುಗಳನ್ನು) ಪೂರ್ಣವಾಗಿ ಗುರುತಿಸಲಾರದ ಕಾರಣ, ಹರಳುಗಳ ಜೊತೆಗೆ ಕಣಗಳ ಜಾಡು ಉಳಿಯುವ ಪ್ಲಾಸ್ಟಿಕ್ ಹಾಳೆಗಳನ್ನೂ, ನ್ಯೂಟ್ರಾನ್‌ಗಳಿಗಾಗಿ ಗುಳ್ಳೆ ಮೂಡುವ ಜೆಲ್ ಕೊಳವೆಗಳನ್ನೂ ಬಳಸಬೇಕಾಗುತ್ತದೆ. ನಾಸಾ ಗಗನಯಾತ್ರಿಯ ಇಡೀ ವೃತ್ತಿಜೀವನಕ್ಕೆ 600 ಮಿಲಿಸೀವರ್ಟ್ ಮಿತಿ ವಿಧಿಸಿರುವಾಗ, ಪ್ರಕಟವಾಗುವ ಪ್ರತಿ ಅಂಕಿಯ ಜೊತೆ ಅದು ಮೈಮೇಲಿನ ಅಳತೆಯೋ, ಅಂಗಗಳಿಗೆ ಲೆಕ್ಕಹಾಕಿದ್ದೋ ಎಂಬುದನ್ನೂ ತಿಳಿಸಬೇಕೆಂದು ವಿಜ್ಞಾನ ವರದಿಗಾರರಲ್ಲಿ ನನ್ನ ವಿನಂತಿ.

ಇತಿ,
ಒಬ್ಬ ಓದುಗ