ಆ ಪೆನ್ನು ರೂಮಿನಲ್ಲಿ ಬಿಟ್ಟು ಹೋಗಬೇಡ

ಪ್ರೀತಿಯ ಪುಟ್ಟು,

ದೊಡ್ಡಮ್ಮನ ಆಶೀರ್ವಾದಗಳು. ನಿನ್ನ ಮೇಲ್ ಮೂರು ಸಲ ಓದಿದೆ. ಇಟಲಿಯ ಟುರಿನ್ ಚಳಿ, ಪರೀಕ್ಷೆ, ಹೊಸ ರೂಮ್‌ಮೇಟ್ ಎಲ್ಲಾ ಸರಿ. ಭಾನುವಾರ ಗೆಳೆಯರ ಜೊತೆ ರೈಲಿನಲ್ಲಿ ಆಲ್ಬಾಕ್ಕೆ ಹೋಗಿ, ಬಿಳಿ ಟ್ರಫಲ್ ಮೇಳ ನೋಡಿಕೊಂಡು ರಾತ್ರಿಗೆ ವಾಪಸ್ ಬರುತ್ತೀಯಂತೆ, ಅದೂ ಸಂತೋಷವೇ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ. "ಒಂದೇ ದಿನ ತಾನೇ, ಇಂಜೆಕ್ಷನ್ ಪೆನ್ನು ರೂಮಲ್ಲೇ ಬಿಟ್ಟು ಹೋಗ್ತೀನಿ. ಜೇಬಲ್ಲಿಟ್ಟುಕೊಂಡು ಓಡಾಡಿದ್ರೆ ಪೇಷೆಂಟ್ ಥರ ಅನಿಸುತ್ತೆ" ಅಂತ. ಗೋಡಂಬಿ, ಬಾದಾಮಿಯಂಥ ಬೀಜಗಳ ಅಲರ್ಜಿ ನಿನಗೆ, ಅದು ಜೋರಾದಾಗ ಜೀವ ಉಳಿಸೋಕೆ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ನು ಅದು. ಆ ಸಾಲು ಓದಿದ ರಾತ್ರಿ ನನಗೆ ಕಣ್ಣು ಮುಚ್ಚಲಾಗಲಿಲ್ಲ.

ಟ್ರಫಲ್ ತಾನೇ, ಅದರಲ್ಲಿ ಯಾವ ಬೀಜ ಇರುತ್ತೆ ಅಂತ ಕೇಳುತ್ತೀಯ. ನಾನೂ ಹಾಗೇ ಸಮಾಧಾನ ಮಾಡಿಕೊಳ್ಳೋಣ ಅಂತ ಫೋನಿನಲ್ಲಿ ಆ ಊರಿನ ವಿಷಯ ಓದುತ್ತಾ ಕೂತೆ. ಭಯ ಜಾಸ್ತಿಯೇ ಆಯಿತು. ಟ್ರಫಲ್ ಏನೋ ಮರದ ಬೇರಿನ ಹತ್ತಿರ ನೆಲದೊಳಗೆ ಬೆಳೆಯುವ ಅಣಬೆ ಜಾತಿ, ನಾಯಿ ಮೂಸಿ ಹುಡುಕಿ ಕೊಡುತ್ತದಂತೆ. ಆದರೆ ಆಲ್ಬಾ ಸುತ್ತಲಿನ ಲಾಂಗೆ ಗುಡ್ಡಗಳು ಹೇಜಲ್‌ನಟ್ ಅನ್ನುವ ಬೀಜದ ಸೀಮೆ ಪುಟ್ಟು. ಎರಡನೇ ಮಹಾಯುದ್ಧ ಮುಗಿದಾಗ ಕೋಕೋ ಸಿಗದೆ, ತಮ್ಮಲ್ಲೇ ಬೆಳೆಯುವ ಹೇಜಲ್‌ನಟ್ ಅರೆದು ಸಿಹಿ ಮಾಡಿದ ಊರು ಅದು. ಬ್ರೆಡ್ಡಿಗೆ ಹಚ್ಚಿಕೊಳ್ಳುವ ನುಟೆಲ್ಲಾ 1964ರಲ್ಲಿ ಹುಟ್ಟಿದ್ದೂ ಅಲ್ಲೇ. ಕೇಕಿನಲ್ಲೂ ಅದೇ, ಚಾಕೊಲೇಟಿನಲ್ಲೂ ಅದೇ. ಕೇಕ್ ಕೊಯ್ದ ಚಾಕುವಿನಲ್ಲೇ ನಿನಗೆ ಒಂದು ತುಂಡು ಚೀಸ್ ಕೊಯ್ದು ಕೊಟ್ಟರೆ? ಅಷ್ಟು ಗದ್ದಲದಲ್ಲಿ ಯಾರು ನೋಡುತ್ತಾರೆ?

ನಿನಗೆ ನಾಲ್ಕು ವರ್ಷವಿದ್ದಾಗ ಆದದ್ದು ಮನೆಯವರಿಗೆಲ್ಲಾ ಗೊತ್ತು, ಅದನ್ನು ಮತ್ತೆ ಹೇಳಲ್ಲ. ಯಾರಿಗೂ ಗೊತ್ತಿಲ್ಲದ್ದು ಒಂದಿದೆ. ಆ ಬರ್ಫಿಯಲ್ಲಿ ಗೋಡಂಬಿ ಇದ್ದದ್ದು ನನಗೆ ತಿಳಿದಿರಲಿಲ್ಲ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದೆ. ತಿಳಿದಿತ್ತು. ನಿನ್ನಮ್ಮ ಬೆಳಿಗ್ಗೆಯೇ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದ್ದಳು, ಇವನಿಗೆ ಗೋಡಂಬಿ, ಬಾದಾಮಿ ಏನೂ ಕೊಡಬೇಡ ಅಕ್ಕ ಅಂತ. ಸುಮ್ನೆ ಅತಿ ಮಾಡುತ್ತಾಳೆ ಅಂದುಕೊಂಡೆ. ಒಂದು ಚೂರಿಗೆ ಏನಾಗುತ್ತೆ ಅಂತ ಉಗುರಿನಷ್ಟು ಮುರಿದು ನಾನೇ ನಿನ್ನ ಬಾಯಿಗಿಟ್ಟೆ. ನೀನು ನಾಲಿಗೆ ಹೊರಗೆ ಹಾಕಿ ನನ್ನ ಸೆರಗಿನಲ್ಲಿ ಉಜ್ಜಿಕೊಳ್ಳೋಕೆ ಶುರು ಮಾಡಿದೆ. "ದೊಡ್ಡಮ್ಮ, ಬಾಯಲ್ಲಿ ಇರುವೆ" ಅಂದೆ. ಆಮೇಲೆ ನಿನ್ನ ದನಿ ಒಡೆದು ಮುದುಕರ ದನಿಯ ಹಾಗಾಯಿತು. ಈಗಲೂ ಯಾರಾದರೂ ನೆಗಡಿಯಾಗಿ ಮಾತಾಡಿದರೆ ನನ್ನ ಎದೆ ಧಸಕ್ಕೆನ್ನುತ್ತೆ.

ನಿನ್ನಮ್ಮ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆನೋ ಏನೋ.

ನಿನ್ನ "ಒಂದೇ ದಿನ ತಾನೇ" ಓದಿದಾಗ ನನಗೆ ನನ್ನದೇ ಮಾತು ಕೇಳಿಸಿತು.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಹೇಳುತ್ತೇನೆ, ಬೇಜಾರಾಗಬೇಡ. ಡಾಕ್ಟರು ಎರಡು ಪೆನ್ನು ಕೊಟ್ಟಿದ್ದಾರಲ್ಲ, ಎರಡೂ ಮೈಮೇಲೇ ಇರಲಿ. ಬ್ಯಾಗನ್ನು ಯಾರೋ ಹಿಡಿದುಕೊಂಡು ಮುಂದೆ ಹೋಗಿರುತ್ತಾರೆ. ಯುರೋಪಿನಲ್ಲಿ ಅಲರ್ಜಿ ತರುವ 14 ಪದಾರ್ಥಗಳ ವಿಷಯ ತಿಳಿಸಲೇಬೇಕು ಅಂತ ಕಾನೂನಿದೆ, ಪೊಟ್ಟಣದಲ್ಲಿಲ್ಲದೆ ಬಿಡಿಯಾಗಿ ಮಾರುವ ತಿಂಡಿಗೂ ಅದು ಸೇರುತ್ತದಂತೆ. ಆದ್ದರಿಂದ ಸಂಕೋಚ ಬಿಟ್ಟು ಕೇಳು. ಹೇಜಲ್‌ನಟ್‌ಗೆ ಅಲ್ಲಿ ನೊಚ್ಚೋಲೆ ಅಂತಾರೆ, ಗೋಡಂಬಿಗೆ ಅನಕಾರ್ದಿ. ನಿನಗೆ ಗೊತ್ತಿರುತ್ತೆ, ಆದರೂ ಬರೆದೆ. ಜೊತೆಗೆ ಬರುವವರಲ್ಲಿ ಒಬ್ಬರಿಗಾದರೂ ಪೆನ್ನು ತೋರಿಸಿಡು. ತೊಡೆಯ ಹೊರಬದಿಗೆ, ಪ್ಯಾಂಟಿನ ಮೇಲೆಯೇ ಚುಚ್ಚಬಹುದು ಅಂತ ಅವರಿಗೆ ಹೇಳಿರು. ಆಮೇಲೆ ಹಗುರವಾಯಿತು ಅಂತ ಎದ್ದು ನಡೆಯಬೇಡ. ಅಲರ್ಜಿ ತಿರುಗಿ ಬರಬಹುದು, 112ಕ್ಕೆ ಫೋನ್ ಮಾಡಿಸಿ ಆಸ್ಪತ್ರೆಗೆ ಹೋಗಲೇಬೇಕು. ನಾಚಿಕೆ ಯಾಕೆ, ಕನ್ನಡಕ ಹಾಕಿಕೊಂಡವರು ನಾಚಿಕೊಳ್ಳುತ್ತಾರಾ?

ಮೇಳಕ್ಕೆ ಹೋಗಬೇಡ ಅಂತ ನಾನು ಹೇಳುತ್ತಿಲ್ಲ. ಹೋಗು. ಟ್ರಫಲ್ ವಾಸನೆ ಹೇಗಿತ್ತು ಅಂತ ಬರಿ. ಭಾನುವಾರ ರೈಲು ಹತ್ತುವಾಗ ಜೇಬಿನಲ್ಲಿರುವ ಪೆನ್ನಿನ ಒಂದು ಫೋಟೊ ಕಳಿಸು, ದೊಡ್ಡಮ್ಮನ ಹಟ ಅಂತಲೇ ಇಟ್ಟುಕೋ.

ಈ ಕಾಗದ ಅಮ್ಮನಿಗೆ ತೋರಿಸಬೇಡ. ನಾಳೆ ಅವಳ ಮನೆಗೆ ಹೋಗುತ್ತಿದ್ದೇನೆ, ಬರ್ಫಿಯ ವಿಷಯ ನಾನೇ ಹೇಳುತ್ತೇನೆ.

ನಿನ್ನ
ದೊಡ್ಡಮ್ಮ