ಚಪ್ಪಲಿ ಹಾಕಿಕೊಂಡೇ ಕಂಪ್ಯೂಟರ್ ಮುಟ್ಟುವವಳಿಗೆ

ಚಿ. ಪುಟ್ಟಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಮನೆ ಸಮಾಚಾರವನ್ನೆಲ್ಲ ನಿನ್ನಮ್ಮ ಫೋನಿನಲ್ಲೇ ಹೇಳಿದ್ದಾಳೆ, ಅದನ್ನು ಮತ್ತೆ ಎತ್ತುವುದಿಲ್ಲ. ನೀನು ಕೇಳಿದ್ದು ಕಂಪ್ಯೂಟರಿನ ಧೂಳು ತೆಗೆಯುವುದು ಹೇಗೆ ಅಂತ. ಆದರೆ ಎರಡನೇ ಪುಟದ ಕೊನೆಗೆ, ಹೇಳಿಯೂ ಹೇಳದ ಹಾಗೆ ಒಂದು ಮಾತು ಬರೆದಿದ್ದೀಯ: "ಕ್ಯಾಬಿನೆಟ್ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತೆ, ಚಪ್ಪಲಿ ಹಾಕಿಕೊಂಡರೆ ಏನೂ ಆಗಲ್ಲ, ಎಲ್ಲ ಕಂಪ್ಯೂಟರೂ ಹಾಗೇ ಅಂತ ಅಪ್ಪ ಹೇಳಿದರು." ಅದನ್ನು ಓದಿದ ಮೇಲೆ ಧೂಳಿನ ವಿಷಯ ಹಿಂದೆ ಸರಿಯಿತು. ಎಲ್ಲ ಕಂಪ್ಯೂಟರೂ ಹಾಗಲ್ಲ ಮಗಳೇ. ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ಹಸಿರು ವೈರಿನ ಮೂಲಕ ಅಂಗಳದ ಗುಂಡಿಗೆ ಇಳಿಸುವ ಏರ್ಪಾಡು, ಸರಿ ಇರುವ ಮನೆಯಲ್ಲಿ ಮೂರು ಪಿನ್ನಿನ ಯಾವ ಕಂಪ್ಯೂಟರೂ ಹೀಗೆ ಜುಮ್ ಅನ್ನುವುದಿಲ್ಲ.

ಅದು ಎಲ್ಲಿಂದ ಬರುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಕ್ಯಾಬಿನೆಟ್ಟಿನ ಹಿಂದೆ ಕರೆಂಟ್ ಒಳಗೆ ಹೋಗುವ ಡಬ್ಬ ಇದೆಯಲ್ಲ, ಎಸ್‌ಎಂಪಿಎಸ್, ಅದರೊಳಗೆ ಕರೆಂಟ್ ತರುವ ಫೇಸ್ ವೈರಿನಿಂದ ಕ್ಯಾಬಿನೆಟ್ಟಿನ ತಗಡಿಗೆ ಒಂದು, ಅದು ವಾಪಸು ಹೋಗುವ ನ್ಯೂಟ್ರಲ್ ವೈರಿನಿಂದ ತಗಡಿಗೆ ಇನ್ನೊಂದು, ಹೀಗೆ ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ವಿದ್ಯುತ್ ಗದ್ದಲವನ್ನು ಅರ್ತ್ ವೈರಿಗೆ ಹರಿಸಿಬಿಡುವುದು ಅವುಗಳ ಕೆಲಸ. ಆ ವೈರ್ ನೆಲ ಸೇರಿಲ್ಲವಾದರೆ ತಗಡು ಎರಡರ ನಡುವೆ ತೇಲುತ್ತದೆ. 230ರ ಅರ್ಧ, ಅಂದರೆ 115 ವೋಲ್ಟಿನ ಆಸುಪಾಸು. ಹರಿಯುವ ಕರೆಂಟು ಸಾಮಾನ್ಯವಾಗಿ ಒಂದು ಮಿಲಿಆಂಪಿಯರ್ ಕೂಡ ಇರುವುದಿಲ್ಲ, ಅದರಿಂದ ಜೀವಕ್ಕೇನೂ ಆಗುವುದಿಲ್ಲ. ನಿನ್ನಪ್ಪ ಹೇಳಿದ್ದು ಅಷ್ಟರಮಟ್ಟಿಗೆ ನಿಜ.

ನನಗೆ ಹೆದರಿಕೆ ಅದರದ್ದಲ್ಲ. ಮನೆಯ ಎಲ್ಲ ಸಾಕೆಟ್ಟುಗಳ ಹಸಿರು ವೈರು ಬೋರ್ಡಿನಲ್ಲಿ ಒಟ್ಟಿಗೆ ಸೇರಿರುತ್ತದೆ. ಆ ಗಂಟಿನಿಂದ ಗುಂಡಿಗೆ ಹೋಗುವ ತಂತಿ ತುಂಡಾಗಿದ್ದರೆ, ನಾಳೆ ಗೀಸರಿನ ಕಾಯಿಲಿನಿಂದ ಕರೆಂಟ್ ಸೋರಿದರೂ ಗ್ರೈಂಡರಿನ ಮೋಟರ್ ಸುಟ್ಟರೂ ಆ ಪೂರಾ 230 ವೋಲ್ಟು ಹಸಿರು ವೈರು ಹಿಡಿದು ನಿನ್ನ ಕ್ಯಾಬಿನೆಟ್ಟಿಗೆ ಬರುತ್ತದೆ. ಆಗ ಅದು ಜುಮ್ ಅನ್ನುವುದಿಲ್ಲ. ಕೆಟ್ಟಿದ್ದು ಬಚ್ಚಲಮನೆಯ ಗೀಸರ್, ಹೊಡೆತ ತಿನ್ನುವವಳು ಓದುವ ಕೋಣೆಯಲ್ಲಿ ಕೂತಿರುವ ನೀನು.

ನಮ್ಮದು ಎರಡು ಪಿನ್ನಿನ ಕಾಲದ ತಲೆಮಾರು. ಸ್ವಿಚ್ಚು, ಮೋಟರು, ಇಸ್ತ್ರಿಪೆಟ್ಟಿಗೆ ಎಲ್ಲವೂ ಒಂದಿಷ್ಟು ಹೊಡೆಯುವುದು ಸಹಜ ಅಂದುಕೊಂಡು, ಅದಕ್ಕೆ ನಗುವುದನ್ನೂ ಕಲಿತೆವು. ಆ ನಗುವನ್ನು ನಿಮಗೂ ದಾಟಿಸಿದೆವಲ್ಲ ಅಂತ ಈಗ ಬೇಜಾರು. ಇರಲಿ.

ಧೂಳಿಗೆ ಬರುತ್ತೇನೆ. ಬಿಚ್ಚುವ ಮುಂಚೆ ಷಟ್‌ಡೌನ್ ಮಾಡಿ ಕೇಬಲ್ಲನ್ನು ಕ್ಯಾಬಿನೆಟ್ಟಿನಿಂದಲೇ ಕಿತ್ತುಬಿಡು. ಸ್ವಿಚ್ ಮಾತ್ರ ಆರಿಸಿ ಪ್ಲಗ್ ಬಿಟ್ಟರೆ ಅರ್ತಿಂಗ್ ಉಳಿಯುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಉಳಿಯಲು ಅರ್ತಿಂಗೇ ಇದ್ದಂತಿಲ್ಲ. ಮೇಲಾಗಿ ವೈರಿಂಗಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿ ಸ್ವಿಚ್ಚು ನ್ಯೂಟ್ರಲ್ಲಿನ ಮೇಲೆ ಬಿದ್ದಿದ್ದರೆ ಸ್ವಿಚ್ ಆರಿಸಿದರೂ ಒಳಗೆ ಫೇಸ್ ಇದ್ದೇ ಇರುತ್ತದೆ. ಯುಪಿಎಸ್‌ ಅನ್ನು ಗೋಡೆಯಿಂದ ಕಿತ್ತರೆ ಸಾಲದು, ಅದು ಬ್ಯಾಟರಿಯಿಂದ 230 ಕೊಡುತ್ತಲೇ ಇರುತ್ತದೆ. ಕೇಬಲ್ ತೆಗೆದ ಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿ, ಮದರ್‌ಬೋರ್ಡಿನಲ್ಲಿ ಉಳಿದಿದ್ದು ಖಾಲಿಯಾಗುತ್ತದೆ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಎಂದೂ ಬಿಚ್ಚಬೇಡ. ಅದರ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಡಿಸಿ ಕೂತಿರುತ್ತದೆ, ಪ್ಲಗ್ ಕಿತ್ತ ತಕ್ಷಣ ಇಳಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಅದರ ಧೂಳಿಗೆ ಹೊರಗಿನಿಂದ ಗಾಳಿ ಹಾಕಿದರೆ ಸಾಕು.

ಗಾಳಿಗೆ ಕೈಯಲ್ಲಿ ಹಿಡಿಯುವ ಬ್ಲೋವರ್ ಒಳ್ಳೆಯದು, ಒಂದಡಿ ದೂರದಿಂದ. ಪಂಕ್ಚರ್ ಅಂಗಡಿಯ ಗಾಳಿ ಬೇಡ, ಅದರಲ್ಲಿ ನೀರೂ ಎಣ್ಣೆಯೂ ಬರುತ್ತವೆ. ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿ ಸ್ಥಾಯೀ ವಿದ್ಯುತ್ ಹುಟ್ಟಿಸುತ್ತದೆ, ಅದೂ ಬೇಡ. ಫ್ಯಾನಿಗೆ ಗಾಳಿ ಬಿಡುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರು, ಬಿಟ್ಟರೆ ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಧೂಳು ನಿಜವಾಗಿ ಕೂರುವುದು ಫ್ಯಾನಿನ ಮೇಲಲ್ಲ, ಅದರ ಕೆಳಗೆ ಪ್ರೊಸೆಸರಿನ ಬಿಸಿ ಹೊರಹಾಕುವ ಹೀಟ್‌ಸಿಂಕಿನ ಅಲ್ಯೂಮಿನಿಯಂ ಎಸಳುಗಳ ನಡುವೆ, ಬೂದು ಬಣ್ಣದ ಕಂಬಳಿಯ ಹಾಗೆ. ಪೇಂಟ್ ಬ್ರಷ್ಷಿನಿಂದ ಎಬ್ಬಿಸಿ ಊದಬೇಕು. ಅದನ್ನು ಬಿಟ್ಟರೆ ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಹೋಗಿ ತಾನೇ ನಿಧಾನವಾಗುತ್ತದೆ, ಇನ್ನೂ ಕಾದರೆ ಆರಿಹೋಗುತ್ತದೆ.

ಪ್ರೊಸೆಸರಿಗೂ ಅದರ ಮೇಲಿನ ಕೂಲರಿಗೂ (ಫ್ಯಾನು, ಹೀಟ್‌ಸಿಂಕು ಸೇರಿದ್ದು) ನಡುವೆ ಬಿಸಿ ದಾಟಿಸಲು ಹಚ್ಚುವ ಪೇಸ್ಟ್ ಬದಲಿಸಬೇಕಾ ಅಂತ ಕೇಳಿದ್ದೀಯ. ಊದಿದ ಮೇಲೂ ಬಿಸಿ ಇಳಿಯದಿದ್ದರೆ ಮಾತ್ರ. ನಿನ್ನ ಪ್ರೊಸೆಸರ್ ಎಎಂಡಿ ಕಂಪನಿಯದು, ಮದರ್‌ಬೋರ್ಡಿನ ಎಎಂ4 ಸಾಕೆಟ್ಟಿನಲ್ಲಿ ಕೂರುವಂಥದ್ದು. ತಣ್ಣಗಿರುವಾಗ ಕೂಲರನ್ನು ನೇರ ಮೇಲೆತ್ತಿದರೆ ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಕಿತ್ತು ಬರಬಹುದು, ಅದರಡಿಯ ಪಿನ್ನುಗಳು ಬಾಗಬಹುದು. ಅದಕ್ಕೇ ಹತ್ತು ನಿಮಿಷ ಓಡಿಸಿ, ಆರಿಸಿ, ಕೇಬಲ್ ಕಿತ್ತು, ಬೆಚ್ಚಗಿರುವಾಗಲೇ ಕೂಲರನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತಿರುವಿ ಬಿಡಿಸು. ಹಳೆಯದನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸದು. ಹತ್ತಿರ ದೀಪ, ಊದಿನಕಡ್ಡಿ ಇರಬಾರದು.

ಇಷ್ಟೆಲ್ಲ ಬರೆಯುವಾಗಲೂ ನನ್ನ ತಲೆ ಆ ತಗಡಿನ ಮೇಲೇ ಇದೆ. ಅರ್ತಿಂಗ್ ಗುಂಡಿಗೆ ನೀರು ಸುರಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿಯಾರು. ಬೇಸಿಗೆಯಲ್ಲಿ ನೀರು ಹಾಕುವುದು ಒಳ್ಳೆಯದೇ. ಆದರೆ ಒಣಗಿದ ಗುಂಡಿ ಕೂಡ ಈ ಅರೆ ಮಿಲಿಆಂಪಿಯರನ್ನು ಸುಲಭವಾಗಿ ನುಂಗುತ್ತದೆ. ಕೈಗೆ ಜುಮ್ ಗೊತ್ತಾಗುತ್ತಿದೆ ಅಂದರೆ ವೈರು ಎಲ್ಲೋ ಕಡಿದಿದೆ, ಇಲ್ಲವೆ ಸೇರಿಸಿಯೇ ಇಲ್ಲ. ಮೊದಲು ಎಕ್ಸ್‌ಟೆನ್ಷನ್ ಬೋರ್ಡ್ ನೋಡು. ಮೂರು ಪಿನ್ನನ್ನು ಎರಡು ಮಾಡುವ ಕನ್ವರ್ಟರ್ ಇದ್ದರೆ ಎಸೆದುಬಿಡು. ಆಮೇಲೆ ಎಲೆಕ್ಟ್ರಿಷಿಯನ್ ಸಾಕೆಟ್ ಬಿಚ್ಚಿ, ಮೇಲಿನ ದೊಡ್ಡ ತೂತಿನ ಹಿಂದೆ ಹಸಿರು ವೈರು ನಿಜವಾಗಿ ಇದೆಯಾ ನೋಡಲಿ. ನಿಮ್ಮ ಕರಾವಳಿಯ ಉಪ್ಪುಗಾಳಿಗೆ ಗುಂಡಿಯ ಪೈಪಿನ ಮೇಲಿನ ನಟ್ಟು ತುಕ್ಕು ಹಿಡಿದು ತಂತಿ ಕಳಚಿರುವುದೂ ಮಾಮೂಲು.

ಎಲೆಕ್ಟ್ರಿಷಿಯನ್ ತರುವ ಮಲ್ಟಿಮೀಟರಿನಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ತ್ ಎರಡೂ 230ರ ಸುತ್ತ ಇರಬೇಕು, ನ್ಯೂಟ್ರಲ್–ಅರ್ತ್ ಎರಡು ಮೂರು ವೋಲ್ಟ್ ದಾಟಬಾರದು. ಮೀಟರೊಂದನ್ನೇ ನಂಬುವಂತಿಲ್ಲ, ತೇಲುವ ವೈರು ಅದಕ್ಕೆ ಏನೇನೋ ತೋರಿಸುತ್ತದೆ. ಫೇಸಿಗೂ ಅರ್ತಿಗೂ ನಡುವೆ 100 ವ್ಯಾಟಿನ ಹಳೇ ತಂತಿ ಬಲ್ಬ್ ಹಚ್ಚಿ ನೋಡಲಿ, ಪೂರ್ತಿ ಬೆಳಗಬೇಕು. ಇದು ಅವನ ಕೆಲಸ, ನೀನು ಕೈಹಾಕಬೇಡ. ಅರ್ತ್ ಕಡಿದಿದ್ದರೆ ಆ ಕ್ಷಣ ಬಲ್ಬಿನ ಮೂಲಕ ಮನೆಯ ಅರ್ತ್ ವೈರಿಗೆಲ್ಲ ಫೇಸ್ ಬರುತ್ತದೆ. ಮೊದಲೇ ಎಲ್ಲ ಮೂರು ಪಿನ್ನಿನ ಪ್ಲಗ್ ಕಿತ್ತಿಡಿ, ಫ್ರಿಜ್ಜನ್ನೂ ಸೇರಿಸಿ.

ಒಂದು ಮಾತನ್ನು ಅಪ್ಪನಿಗೆ ಓದಿ ಹೇಳು. ಸುಲಭ ಅಂತ ಸಾಕೆಟ್ಟಿನಲ್ಲೇ ನ್ಯೂಟ್ರಲ್ಲಿನಿಂದ ಅರ್ತಿಗೆ ಒಂದು ತುಂಡು ವೈರ್ ಹಾಕುವವರಿದ್ದಾರೆ. ಜುಮ್ ನಿಲ್ಲುತ್ತದೆ, ಮೀಟರೂ ಬಲ್ಬೂ ಸರಿ ತೋರಿಸುತ್ತವೆ. ಒಂದು ದಿನ ನ್ಯೂಟ್ರಲ್ ಕಡಿದರೆ ಇಡೀ ಕ್ಯಾಬಿನೆಟ್ಟು ಫೇಸ್ ಆಗುತ್ತದೆ. ಹಾಗೆ ಮಾಡಲು ಬಿಡಬೇಡಿ. ಜೊತೆಗೆ ಬೋರ್ಡಿನಲ್ಲಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ ಕೇಳು. ಇಲ್ಲದಿದ್ದರೆ ಹಾಕಿಸಿ, ಅರ್ತಿಂಗ್ ಸರಿ ಮಾಡಿಸಿದ ಮೇಲೂ ಅದು ಬೇಕು. ಇದ್ದರೆ ಬಲ್ಬ್ ಹಚ್ಚಿದ ಕೂಡಲೇ ಬಲ್ಬ್ ಬೆಳಗುವ ಬದಲು ಅದು ಟ್ರಿಪ್ ಆಗಿ ಕರೆಂಟ್ ಹೋಗಬೇಕು, ಹೆದರಬೇಡ.

ಅಲ್ಲಿಯವರೆಗೆ ಟಿವಿಗೆ ಎಚ್‌ಡಿಎಂಐ ಸಿಕ್ಕಿಸುವುದು, ಪ್ರಿಂಟರ್ ಕೇಬಲ್ ಕಿತ್ತು ಹಾಕುವುದು ಬೇಡ. ತಗಡಿನ ಆ ವೋಲ್ಟೇಜಿಗೇ ಪೋರ್ಟುಗಳು ಸುಡಬಹುದು.

ಉಳಿದದ್ದು ಸಣ್ಣಪುಟ್ಟದು. ಮಾನಿಟರಿಗೆ ಏನನ್ನೂ ನೇರ ಸಿಂಪಡಿಸಬೇಡ, ಮೈಕ್ರೋಫೈಬರ್ ಬಟ್ಟೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ತುಸು ಒದ್ದೆ ಮಾಡಿ ಒರೆಸು. ಗಡಿಯಾರ ಹಿಂದಕ್ಕೆ ಹೋಗುತ್ತದೆ ಅಂದೆಯಲ್ಲ, ಅದು ಮದರ್‌ಬೋರ್ಡಿನ ಮೇಲೆ ನಾಣ್ಯದ ಹಾಗಿರುವ ಸಿಆರ್2032 ಸೆಲ್ ಮುಗಿದದ್ದು. ತಾರೀಕು ತಪ್ಪಿದ್ದಕ್ಕೇ ಬ್ಯಾಂಕಿನ ತಾಣ ತೆರೆಯದಿರುವುದು. ಹೊಸದನ್ನು ಪ್ಲಸ್ ಮೇಲೆ ಮಾಡಿ ಹಾಕು. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿದರೆ ಒಳಗೆ ತೇವ ಕೂರುವುದಿಲ್ಲ. ಗುಡುಗು ಶುರುವಾಗುವ ಮುಂಚೆಯೇ ಪ್ಲಗ್ಗನ್ನೂ ನೆಟ್ ಕೇಬಲ್ಲನ್ನೂ ಕಿತ್ತಿಡು, ಶುರುವಾದ ಮೇಲೆ ಮುಟ್ಟಬೇಡ. ಕೀಬೋರ್ಡಿನ ಕೀಲಿಗಳನ್ನು ಕೀಳುವ ಮುಂಚೆ ಫೋಟೋ ತೆಗೆದಿಟ್ಟುಕೋ. ಸ್ಪೇಸ್‌ಬಾರನ್ನು ಬಿಟ್ಟುಬಿಡು, ಅದರಡಿಯ ತಂತಿಯನ್ನು ಮತ್ತೆ ಕೂರಿಸುವುದು ರಗಳೆ.

ಎಲೆಕ್ಟ್ರಿಷಿಯನ್ ಬಂದ ದಿನವೇ ಮೀಟರಿನ ಮೂರು ಅಂಕಿಯನ್ನೂ ಬಲ್ಬ್ ಹೇಗೆ ಉರಿಯಿತು ಅನ್ನುವುದನ್ನೂ ಬರೆದುಕೊಂಡು ನನಗೆ ಫೋನ್ ಮಾಡು. ಪ್ರಿಂಟರಿನ ಹೆಡ್ ಕ್ಲೀನಿಂಗ್ ಬಗ್ಗೆ ಆಗ ಮಾತಾಡೋಣ.

ಇಂತು,
ನಿನ್ನ ಮಾವ